ಅರ್ಧ ಹಿಡಿ ಕೊಸರು

ಕೇಳುಗರಿಗೆ ನಮಸ್ಕಾರ. ದಿನನಿತ್ಯದ ಬದುಕಿನಲ್ಲಿ ಪ್ರಾಮಾಣಿಕತೆ ಮತ್ತು ನಿಷ್ಠೆ ಎಂಬ ವಿಷಯಕ್ಕೆ ಮಠಾಧೀಶರನ್ನೋ ಪ್ರಾಧ್ಯಾಪಕರನ್ನೋ ಕರೆಯದೆ, ತೂಕ ಮತ್ತು ಅಳತೆಯ ನಿವೃತ್ತ ಇನ್ಸ್‌ಪೆಕ್ಟರೊಬ್ಬನನ್ನು ಕರೆದದ್ದೇಕೆಂದು ಮೊದಲು ನನಗೂ ಅರ್ಥವಾಗಲಿಲ್ಲ. ಬೆಂಗಳೂರಿನ ಪೇಟೆ ಬೀದಿಗಳಲ್ಲಿ ತಕ್ಕಡಿ ಹಿಡಿದು ನೋಡುತ್ತಲೇ ತಲೆ ನರೆತವನು ನಾನು. ಪ್ರಾಮಾಣಿಕತೆಯನ್ನು ಗ್ರಾಂ ಲೆಕ್ಕದಲ್ಲಿ ಕಂಡಿದ್ದೇನೆಯೇ ಹೊರತು ಗ್ರಂಥಗಳಲ್ಲಿ ಹುಡುಕಿದವನಲ್ಲ. ಆದ್ದರಿಂದ ಒಂದೇ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ನಮ್ಮವರ ತಪ್ಪನ್ನು ಮುಚ್ಚಿಡುವುದಕ್ಕೆ ನಿಷ್ಠೆ ಎಂದು ಹೆಸರಿಡಬೇಡಿ.

ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಅಂಗಡಿಯಲ್ಲಿ, ಕಚೇರಿಯಲ್ಲಿ, ಸ್ವಂತ ಮನೆಯಲ್ಲಿಯೂ ಅದನ್ನು ಬಳಸುವುದು ಯಾರನ್ನಾದರೂ ಸುಮ್ಮನಿರಿಸಬೇಕಾದಾಗ ಮಾತ್ರ. ಆ ಗಾದೆಯನ್ನು ಸರಿಯಾಗಿ ತಿಳಿದುಕೊಂಡಿದ್ದ ಒಬ್ಬರನ್ನು ನಾನು ಕಂಡಿದ್ದೇನೆ.

ಎಲೆಕ್ಟ್ರಾನಿಕ್ ತಕ್ಕಡಿಗಳು ಬರುವುದಕ್ಕೆ ಮುಂಚಿನ ಕಾಲ. ಚಿಕ್ಕಪೇಟೆಯ ಕಡೆಯ ಒಂದು ದಿನಸಿ ಅಂಗಡಿಗೆ ತಪಾಸಣೆಗೆಂದು ಹೋಗಿದ್ದೆ. ಸಾಹುಕಾರರು ಕಾಫಿ ತರಿಸಿದರು. ಕುಡಿಯಲಿಲ್ಲ ಎಂದು ಇಲ್ಲಿ ಹೇಳಿಕೊಂಡರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಕುಡಿದೆ. ಬೆಳಗಿನಿಂದ ಬಿಸಿಲಿನಲ್ಲಿ ಅಲೆದಿದ್ದೆ. ನಾನು ಲೋಟ ಕೆಳಗಿಡುವಷ್ಟರಲ್ಲಿ, ಬೇಳೆ ಮೂಟೆಗಳ ನಡುವೆ ಕುಳಿತಿದ್ದ ವಯಸ್ಸಾದ ಗುಮಾಸ್ತರು ಎದ್ದು ಬಂದು, ಒಂದು ಕಿಲೋ ಬಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟು, "ಸ್ವಾಮಿ, ಮೊದಲು ಇದನ್ನು ನೋಡಿಬಿಡಿ" ಎಂದರು.

ಕಬ್ಬಿಣದ ತೂಕದ ಬಟ್ಟಿನಲ್ಲಿ ಒಂದು ಗುಳಿ ಇರುತ್ತದೆ. ಅದರಲ್ಲಿ ಸೀಸವನ್ನು ತುಂಬಿ, ತೂಕ ಸರಿಹೊಂದಿಸಿ, ಆ ಸೀಸದ ಮೇಲೆಯೇ ಸರ್ಕಾರದ ಮುದ್ರೆಯನ್ನು ಒತ್ತುತ್ತೇವೆ. ಈ ಬಟ್ಟಿನ ಗುಳಿ ಬರಿದಾಗಿತ್ತು. ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಾಗ ಸೀಸ ಕಳಚಿಹೋಗಿತ್ತಂತೆ. ತೂಗಿ ನೋಡಿದರೆ 30 ಗ್ರಾಂ ಕಡಿಮೆ. 30 ಗ್ರಾಂ ಏನು ಮಹಾ ಎನ್ನಬೇಡಿ. 33 ಕಿಲೋ ಮಾರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಗಿರಾಕಿಗಳ ಚೀಲದಿಂದ ಹೋಗಿರುತ್ತದೆ. ಬಟ್ಟು ಬಿದ್ದ ದಿನವೇ ಗುಮಾಸ್ತರು ಸಾಹುಕಾರರಿಗೆ ಹೇಳಿದ್ದರು. ಮುಂದಿನ ಮುದ್ರೆಯ ಸಮಯಕ್ಕೆ ನೋಡೋಣ ಎಂದು ಸಾಹುಕಾರರು ಮುಂದೂಡಿದ್ದರು.

ಅಲ್ಲಿಂದಾಚೆಗೆ ಗುಮಾಸ್ತರು ಪ್ರತಿ ಕಿಲೋಗೂ ಅರ್ಧ ಹಿಡಿ ಕೊಸರು ಹಾಕತೊಡಗಿದರು. ಕೊಸರು ಎಂದರೆ ಇಂದಿನ ಮಕ್ಕಳಿಗೆ ತಿಳಿಯದು. ತೂಗಿದ ಮೇಲೆ ಗಿರಾಕಿಯ ಸಂತೋಷಕ್ಕೆ ಹಾಕುವ ಚೂರು ಹೆಚ್ಚುವರಿ ಅದು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಸೇರು, ತೊಲಗಳು ಹೋಗಿ ಕಿಲೋ ಬಂದರೂ ಕೊಸರು ಬಹಳ ಕಾಲ ಉಳಿದಿತ್ತು. ಆದರೆ ಇವರು ಹಾಕುತ್ತಿದ್ದುದು ಗಿರಾಕಿಗೆ ನ್ಯಾಯವಾಗಿ ಸೇರಬೇಕಾದದ್ದನ್ನೇ. ಹಾಗೆಂದು ಯಜಮಾನರ ಮಾಲನ್ನು ಕದ್ದುಮುಚ್ಚಿ ಕೊಡಲೂ ಅವರಿಗೆ ಮನಸ್ಸಿರಲಿಲ್ಲ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಅರ್ಧ ಹಿಡಿಗೆ ಒಂದರಂತೆ ಪೆನ್ಸಿಲ್ ಗೀಟು ಹಾಕಿ, ಐದಾದಾಗ ಅಡ್ಡಗೀಟು ಎಳೆದು, ಆ ಹಾಳೆಯನ್ನು ಸಾಹುಕಾರರ ಕಣ್ಣಿಗೆ ಬೀಳುವಂತೆ ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೇ ಸಿಕ್ಕಿಸಿದ್ದರು. ಸಾಹುಕಾರರು ದಿನವೂ ಅದರ ಮುಂದೆ ಕುಳಿತು ಹಣ ಎಣಿಸುತ್ತಿದ್ದರು.

ನಾನು ಹೊರಡುವಾಗ ಕೇಳಿದೆ, "ಯಜಮಾನರ ಮೇಲೆ ನೀವೇ ಹೇಳಿದಿರಲ್ಲ?" ಅವರು ಸ್ವಲ್ಪ ಬೇಸರದಿಂದಲೇ, "ಮೇಲೆ ಹೇಳಲಿಲ್ಲ ಸ್ವಾಮಿ, ಅವರಿಗಾಗಿ ಹೇಳಿದೆ. ನಾಳೆ ಗಿರಾಕಿಯೇ ಕಂಡುಹಿಡಿದರೆ ಅಂಗಡಿಯ ಹೆಸರು ಉಳಿಯುತ್ತದೆಯೇ?" ಎಂದರು. ಸಾಹುಕಾರರು ದಂಡ ಕಟ್ಟಿ, ಒಂದು ತಿಂಗಳು ಗುಮಾಸ್ತರೊಡನೆ ಮಾತು ಬಿಟ್ಟರು. ಗುಮಾಸ್ತರು ಎಂದಿನಂತೆ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಿದ್ದರು. ತಮಾಷೆಯೆಂದರೆ, ಹೊಸ ಬಟ್ಟು ಬಂದು ಕೊಸರು ನಿಂತಾಗ, ಅಂಗಡಿಯವರು ಜಿಪುಣರಾದರೆಂದು ಗಿರಾಕಿಗಳೇ ಜಗಳ ತೆಗೆದರಂತೆ!

ಕಥೆಯಲ್ಲಿಯೇ ಹೆಚ್ಚು ಸಮಯ ಕಳೆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದರ ನಿಯಮಗಳಂತೆ ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ಮತ್ತು ಆಟೋ ಮೀಟರಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು. ಸಿಹಿತಿಂಡಿಯ ಜೊತೆ ಡಬ್ಬಿಯನ್ನೂ ತೂಗುವಂತಿಲ್ಲ. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆ ಪಾತ್ರೆ ಇರಲೇಬೇಕು, ಕೇಳಿದವರಿಗೆ ಅಳೆದು ತೋರಿಸಬೇಕು. ಇವನ್ನು ಕೇಳಲು ಸಂಕೋಚಪಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಆದರೆ ಅಂಗಡಿಯವರನ್ನು ಮಾತ್ರ ಬೈದು ಮನೆಗೆ ಹೋಗುವುದು ಬೇಡ. ನಮ್ಮ ಊರಿನಲ್ಲಿ ಬಾಡಿಗೆಯ ಹತ್ತು ತಿಂಗಳಷ್ಟನ್ನು ಅಡ್ವಾನ್ಸ್ ಎಂದು ತೆಗೆದುಕೊಳ್ಳುವ ಮನೆ ಮಾಲೀಕರಿದ್ದಾರೆ. ಬಾಡಿಗೆದಾರರು ಮನೆ ಬಿಡುವಾಗ ಬಣ್ಣದ ಖರ್ಚೆಂದು ಅದರಲ್ಲಿ ಒಂದು ತಿಂಗಳಿನದನ್ನು ಮುರಿದುಕೊಳ್ಳುತ್ತಾರೆ. ಬಣ್ಣ ಹೊಡೆಸಿದರೆ ಸರಿ. ಹೊಡೆಸದೆ, ಗೋಡೆ ಒರೆಸಿ ಮುಂದಿನವರಿಗೆ ಬೀಗದ ಕೈ ಕೊಟ್ಟಿದ್ದರೆ, ಆ ಬಟ್ಟಿನ ಸೀಸ ಕಳಚಿದೆ. ಆಗ ಮನೆಯವರೆಲ್ಲ ಅದನ್ನು ನೋಡಿಯೂ, ಅಪ್ಪನಿಗೆ ಎದುರಾಡಬಾರದೆಂದು ಸುಮ್ಮನಿರುತ್ತಾರೆ. ದಯವಿಟ್ಟು ಸುಮ್ಮನಿರಬೇಡಿ, ಅಪ್ಪನ ಮೇಲೆ ಪ್ರೀತಿಯಿದ್ದರೆ ಇವತ್ತು ಊಟದ ಹೊತ್ತಿಗೆ ಹೇಳಿ. ಹಿಂದಿನ ಬಾಡಿಗೆದಾರರ ಫೋನ್ ನಂಬರ್ ನಿಮ್ಮಲ್ಲಿ ಇನ್ನೂ ಇದ್ದೇ ಇರುತ್ತದೆ. ನಮಸ್ಕಾರ.