ಮೇಲೆ ಅಂದ್ರೆ ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ತಿಂಗಳು ಹಾಸನದ ನಮ್ಮ ಮನೆಗೆ ಒಬ್ಬ ಹುಡುಗಿ ಅರ್ಜಿ ಹಿಡಿದುಕೊಂಡು ಬಂದಿದ್ದಳು. ಅರಕಲಗೂಡು ಕಡೆಯ ಹಳ್ಳಿಯವಳು. ದಿನಾ ಬಸ್ ಪಾಸಿನಲ್ಲಿ ಹಾಸನದ ಕಾಲೇಜಿಗೆ ಬರುತ್ತಾಳೆ. ಲ್ಯಾಬ್ ಮುಗಿಯೋದು ಸಂಜೆ ಐದಕ್ಕೆ, ಊರಿನ ಬಸ್ ಹೊರಡೋದೂ ಐದಕ್ಕೇ. ಅರ್ಧ ಗಂಟೆ ತಡವಾಗಿ ಬಿಡಿ ಅಂತ ಅರ್ಜಿ. ನೋಟ್‌ಬುಕ್ಕಿನಿಂದ ಹರಿದ ಜೋಡಿ ಹಾಳೆ, ಅದರ ತುಂಬ ಇಪ್ಪತ್ತಾರು ಸಹಿ. ಕೊನೆಯಲ್ಲಿ ಯಾರದೋ ಅಜ್ಜಿಯ ಹೆಬ್ಬೆಟ್ಟು. ಆದರೆ ಮೇಲ್ಗಡೆ 'ಇವರಿಗೆ' ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

"ಎಲ್ರೂ ಮೇಲೆ ಕಳಿಸ್ಬೇಕು ಅಂತಾರೆ ಸರ್. ಮೇಲೆ ಅಂದ್ರೆ ಯಾರು?" ಅಂತ ಕೇಳಿದಳು.

ಬಸ್ಸಿನ ಸಮಯದ ಮಾತಿಗೆ ನಮ್ಮೂರಿನ ವಿಭಾಗೀಯ ನಿಯಂತ್ರಣಾಧಿಕಾರಿ ಸಾಕು, ಅವರ ಹೆಸರಿಗೇ ಬರಿ ಅಂದೆ. ಆದರೆ ಆ ಪ್ರಶ್ನೆ ಅಲ್ಲಿಗೆ ನಿಲ್ಲುವಂಥದ್ದಲ್ಲ. ಅವಳು ಹೋದ ಮೇಲೂ ನನ್ನನ್ನು ಬಿಡಲಿಲ್ಲ.

ನಮ್ಮ ಕೆಎಸ್‌ಆರ್‌ಟಿಸಿ ಶುರುವಾದದ್ದು 1961ರಲ್ಲಿ. ಬೆಂಗಳೂರಿನ ಬಿಎಂಟಿಸಿ ಅದರಿಂದ ಬೇರೆಯಾದದ್ದು 1997ರಲ್ಲಿ. ಎರಡಕ್ಕೂ ಬುನಾದಿ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ನಿಗಮಕ್ಕೊಂದು ನಿರ್ದೇಶಕ ಮಂಡಳಿ ಇರಬೇಕು, ಅದರಲ್ಲಿ ಕನಿಷ್ಠ 5, ಹೆಚ್ಚೆಂದರೆ 17 ಜನ ಇರಬಹುದು ಅನ್ನುತ್ತದೆ ಆ ಕಾಯ್ದೆ. ನೇಮಿಸುವುದು ರಾಜ್ಯ ಸರ್ಕಾರ. ವ್ಯವಸ್ಥಾಪಕ ನಿರ್ದೇಶಕರನ್ನು ಕೂರಿಸುವುದೂ ಸರ್ಕಾರವೇ. ಸರಿ, ಹಾಗಾದರೆ ಮೇಲೆ ಅಂದರೆ ಆ ಮಂಡಳಿ, ಅಲ್ವಾ? ಪೂರ್ತಿ ಹಾಗೂ ಅಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿತು. ಅದನ್ನು ತೀರ್ಮಾನ ಮಾಡಿದ್ದು ಸಚಿವ ಸಂಪುಟ.

ನಮ್ಮ ಮೆಟ್ರೊ ಕಥೆ ಇನ್ನೂ ಸುತ್ತುಬಳಸು. ಹಾಸನದ ಬಸ್ಸಿಂದ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹತ್ತುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಅದು ಕಂಪನಿ. ರಾಜ್ಯದ್ದು ಅರ್ಧ, ಕೇಂದ್ರದ್ದು ಅರ್ಧ. ಅಧ್ಯಕ್ಷರು ಕೇಂದ್ರದ ಕಾರ್ಯದರ್ಶಿ, ವ್ಯವಸ್ಥಾಪಕ ನಿರ್ದೇಶಕರು ರಾಜ್ಯದ ಕಡೆಯವರು. ದರ ಹೇಳಲು ಮಾತ್ರ ಬೇರೆಯೇ ಒಂದು ಸಮಿತಿ. ಅದರ ತಲೆಯಲ್ಲಿ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಇರುತ್ತಾರೆ. 2002ರ ಮೆಟ್ರೊ ಕಾಯ್ದೆಯ ಪ್ರಕಾರ ಆ ಸಮಿತಿ ಹೇಳಿದ್ದನ್ನು ಮೆಟ್ರೊ ಒಪ್ಪಲೇಬೇಕು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋದಾಗ ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. ಟಿಕೆಟ್ ತೆಗೆದವನು ಯಾರ ಹತ್ತಿರ ಹೋಗಬೇಕು? ನನಗೆ ಸಂಕಟ ಆಗುವುದು ಇಲ್ಲೇ. ದರ ಏರಲೇಬಾರದು ಅಂತ ನಾನು ಹೇಳುತ್ತಿಲ್ಲ. ಏರಿಸಿದವರು ನಾವೇ ಅಂತ ಒಬ್ಬರಾದರೂ ಎದ್ದು ನಿಂತು ಹೇಳಬೇಕು.

ಲಂಡನ್ನಿನಲ್ಲಿ ಈ ಗೊಂದಲ ಕಡಿಮೆ. ಜನ ಆರಿಸಿದ ಮೇಯರೇ ಸಾರಿಗೆ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂರುತ್ತಾರೆ, ದರವನ್ನೂ ಅವರೇ ನಿಗದಿ ಮಾಡುತ್ತಾರೆ. ಬೇಡವಾದರೆ ಮುಂದಿನ ಚುನಾವಣೆಯಲ್ಲಿ ಇಳಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಓಡುವ ಬಾರ್ಟ್ ರೈಲಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮಂಡಳಿಯ 9 ಜನರನ್ನೂ ಮತದಾರರೇ ಆರಿಸುತ್ತಾರೆ. ಒಂದೊಂದು ಕ್ಷೇತ್ರಕ್ಕೆ ಒಬ್ಬರು, ನಾಲ್ಕು ವರ್ಷದ ಅವಧಿ. ನಮ್ಮ ಜಿಲ್ಲಾ ಪಂಚಾಯಿತಿ ಕ್ಷೇತ್ರ ಇದ್ದ ಹಾಗೆ ಅಂದುಕೊಳ್ಳಿ.

ನ್ಯೂಯಾರ್ಕಿನದು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಲ್ಲಿ ಬಸ್ಸು, ರೈಲು ಓಡಿಸುವ ಸಂಸ್ಥೆ ಎಂಟಿಎ. ಅದರ ಮಂಡಳಿಗೆ ಸದಸ್ಯರನ್ನು ನೇಮಿಸುವವರು ರಾಜ್ಯದ ಗವರ್ನರ್, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರಲ್ಲಿ ನಾಲ್ವರ ಹೆಸರು ಸೂಚಿಸುವುದು ನಗರದ ಮೇಯರ್. ಆಚೆ ಕಡೆಯ ಡಚೆಸ್, ಆರೆಂಜ್, ರಾಕ್ಲೆಂಡ್, ಪಟ್ನಮ್ ಅನ್ನುವ ನಾಲ್ಕು ಕೌಂಟಿಗಳಿಂದಲೂ ಒಬ್ಬೊಬ್ಬ ಸದಸ್ಯರಿದ್ದಾರೆ. ಆದರೆ ನಾಲ್ವರಿಗೂ ಸೇರಿ ಒಂದೇ ವೋಟು. ಅಂದರೆ ಹಾಸನ, ಮಂಡ್ಯ, ತುಮಕೂರು, ಕೋಲಾರ ನಾಲ್ಕೂ ಸೇರಿ ಒಂದು ಸಲ ಕೈ ಎತ್ತಿದ ಹಾಗೆ! ಪ್ರಯಾಣಿಕರ ಪರವಾಗಿ, ನೌಕರರ ಪರವಾಗಿ ಕೂರುವವರೂ ಇದ್ದಾರೆ. ಅವರು ಮಾತಾಡಬಹುದು, ವೋಟು ಹಾಕುವಂತಿಲ್ಲ. ಮೊದಲು ಇದು ಅನ್ಯಾಯ ಅನ್ನಿಸಿತು. ಆಮೇಲೆ ಯೋಚಿಸಿದೆ. ವೋಟು ಇಲ್ಲದಿದ್ದರೂ ಸಭೆಯೊಳಗೆ ಕೂತು ಬಾಯಿ ಬಿಡುವ ಜಾಗವಾದರೂ ಇದೆ. ಬಾಗಿಲ ಹೊರಗೆ ಅರ್ಜಿ ಹಿಡಿದು ನಿಲ್ಲುವುದಕ್ಕಿಂತ ಅದು ಎಷ್ಟೋ ವಾಸಿ.

ನಮ್ಮ 1950ರ ಕಾಯ್ದೆಯಲ್ಲೂ ಅಂಥದ್ದೊಂದು ಕಿಂಡಿ ಇದೆ. ಅದರ 17ನೇ ಕಲಮು. ನಿಗಮದ ಜೊತೆ ಚರ್ಚಿಸಿ, ಅದಕ್ಕೆ ಸಲಹೆ ಕೊಡಲು ಸರ್ಕಾರ ಸಲಹಾ ಮಂಡಳಿಗಳನ್ನು ರಚಿಸಬಹುದು ಅಂತಿದೆ. ರಚಿಸಲೇಬೇಕು ಅಂತ ಇಲ್ಲ. ಒಂದೇ ಇರಬೇಕು ಅಂತಲೂ ಇಲ್ಲ. ಹಾಸನಕ್ಕೇ ಒಂದು ಕೇಳಿದರೆ ತಪ್ಪೇನು? ಬೆಳಗಿನ ಬಸ್ಸಲ್ಲಿ ನಿಂತು ಬರುವ ಹುಡುಗಿಗೆ ಗೊತ್ತಿರುವುದು, ಕಡತ ನೋಡುವವರಿಗೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಗೊತ್ತಾಗುವುದಿಲ್ಲ.

ಮೊನ್ನೆ ಅವಳು ಮತ್ತೆ ಬಂದಳು. 'ಇವರಿಗೆ' ಮುಂದಿನ ಜಾಗ ತುಂಬಿದೆ, ಅರ್ಜಿಯನ್ನೂ ಕೊಟ್ಟಾಗಿದೆ. ನಾವಿಬ್ಬರೂ ಕೂತು ಇನ್ನೊಂದು ಬರೆದೆವು. ಇದು ಸರ್ಕಾರಕ್ಕೆ. 17ನೇ ಕಲಮಿನ ಪ್ರಕಾರ ನಮ್ಮ ಜಿಲ್ಲೆಗೆ ಒಂದು ಸಲಹಾ ಮಂಡಳಿ ಮಾಡಿ, ಅದರಲ್ಲಿ ಪಾಸ್ ಇರುವ ವಿದ್ಯಾರ್ಥಿಗಳಿಗೂ ಜಾಗ ಕೊಡಿ ಅಂತ. ಮೊದಲ ಸಹಿ ಅವಳದು, ಎರಡನೆಯದು ನನ್ನದು.

ನಮಸ್ಕಾರ.