89 ಓಟಿನ ಲೆಕ್ಕ: ಕಳ್ಳ ಇರುದು ಮೆಷಿನ್ ಒಳಗಾ, ಪಟ್ಟಿ ಒಳಗಾ?

ಎಲ್ಲರಿಗೂ ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ರು ಕೇಳಿದ್ರು, "ನಿಮ್ಮ ಕಾಸರಗೋಡಲ್ಲಿ ಬಟನ್ ಒಂದ್ಸಲ ಒತ್ತಿದ್ರೆ ಓಟು ಎರಡು ಬೀಳ್ತದಂತೆ, ಮತ್ತೆ ನಾವು ಕ್ಯೂ ನಿಲ್ಲುದು ಯಾಕೆ ಮಾರಾಯ್ರೇ?" ನನಗೆ ನಗು ಬಂತು, ಮತ್ತೆ ಯೋಚನೆ ಮಾಡಿದ್ರೆ ನಗುವ ವಿಷಯ ಅಲ್ಲ, ಯಾಕಂದ್ರೆ ಈ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದದ್ದು.

ಬೇಸಿಕ್ಸ್ ಬೇಗ ಮುಗಿಸ್ತೇನೆ. ಬಟನ್ ಇರುವ ಬ್ಯಾಲೆಟ್ ಯೂನಿಟ್, ಆಫೀಸರ್ ಹತ್ರ ಕಂಟ್ರೋಲ್ ಯೂನಿಟ್, ಚೀಟಿ ತೋರಿಸುವ ವಿವಿಪ್ಯಾಟ್. ಮಾಡುದು ಬೆಂಗಳೂರಿನ ಬಿಇಎಲ್ ಮತ್ತೆ ಹೈದರಾಬಾದಿನ ಇಸಿಐಎಲ್, ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿಂದು. ಆಯ್ತು, ಮುಂದೆ ಹೋಗುವ.

[ಸ್ಕ್ರೀನಲ್ಲಿ: ಏಪ್ರಿಲ್ 2024]

ಲೋಕಸಭೆ ಚುನಾವಣೆಗೆ ಮೆಷಿನ್ ರೆಡಿ ಮಾಡುವಾಗ ಕಾಸರಗೋಡಲ್ಲಿ ಅಣಕು ಮತದಾನ ನಡೀತು. ಕಮಲದ ಚೀಟಿ ಒಂದು ಹೆಚ್ಚು ಬಿತ್ತು ಅಂತ ಬೇರೆ ಪಕ್ಷದ ಏಜೆಂಟರ ದೂರು. ಅದು ಮೆಷಿನ್ ಸೆಟ್ ಮಾಡುವಾಗಿನ ಟೆಸ್ಟ್ ಚೀಟಿ, ಎಣಿಸ್ಲಿಕ್ಕೆ ಇರುದಲ್ಲ ಅಂತ ಅದ್ರಲ್ಲೇ ಪ್ರಿಂಟ್ ಉಂಟು ಅಂತ ಅಧಿಕಾರಿಗಳು. ಏಪ್ರಿಲ್ 18ಕ್ಕೆ ಸುಪ್ರೀಂ ಕೋರ್ಟಲ್ಲಿ ಪ್ರಸ್ತಾಪ ಆಯ್ತು, ಸುದ್ದಿ ಸುಳ್ಳು ಅಂತ ಚುನಾವಣಾ ಆಯೋಗ ಹೇಳಿತು. ವಿವಿಪ್ಯಾಟ್ ಚೀಟಿ ಎಲ್ಲ ಎಣಿಸ್ಬೇಕು ಅನ್ನುವ ಅರ್ಜಿಯನ್ನು ಕೋರ್ಟ್ ತಳ್ಳಿ ಹಾಕಿದ್ದು ಏಪ್ರಿಲ್ 26ಕ್ಕೆ, ನಾವಿಲ್ಲಿ ಬಿಸಿಲಲ್ಲಿ ಓಟಿಗೆ ಕ್ಯೂ ನಿಂತದ್ದೂ ಅದೇ ದಿನ! ರಿಸಲ್ಟಲ್ಲಿ ಕಮಲ ಬಂದದ್ದು ಮೂರನೇ ಜಾಗಕ್ಕೆ. ಅದರಿಂದ ಮೆಷಿನ್ ಸರಿ ಉಂಟು ಅಂತ ಪ್ರೂವ್ ಆಗುದಿಲ್ಲ, ಕಾಮೆಂಟಲ್ಲಿ ಜಗಳಕ್ಕೆ ಬರ್ಬೇಡಿ, ತಮಾಷೆಗೆ ಹೇಳಿದ್ದು.

ಈಗ ನನಗೆ ಭಾರೀ ಇಷ್ಟದ ಭಾಗ. ಇಂಡಿಯಾದಲ್ಲಿ ಇವಿಎಂ ಮೊದಲು ಬಂದದ್ದು ಎಲ್ಲಿ ಗೊತ್ತುಂಟಾ? ದಿಲ್ಲಿ ಅಲ್ಲ, ಬೆಂಗಳೂರೂ ಅಲ್ಲ, ನಮ್ಮ ಕೇರಳದ್ದೇ ಉತ್ತರ ಪರವೂರು, 1982 ಮೇ 19. ಅಲ್ಲಿ 50 ಬೂತಿಗೆ ಮೆಷಿನ್ ಇಟ್ರು. ಎದುರು ಬದುರು ನಿಂತದ್ದು ಸಿಪಿಐಯ ಶಿವನ್ ಪಿಳ್ಳ, ಕಾಂಗ್ರೆಸ್ಸಿನ ಎ.ಸಿ. ಜೋಸ್. ಚುನಾವಣೆಗೆ ಮೊದಲೇ ಪಿಳ್ಳರು ಈ ಮೆಷಿನ್ ಬೇಡ ಅಂತ ಕೋರ್ಟಿಗೆ ಹೋದ್ರು, ಆಗ್ಲಿಲ್ಲ. ಓಟು ಆಯ್ತು, ಎಣಿಸಿದ್ರು, ಯಾರು ಗೆದ್ದದ್ದು? ಅದೇ ಪಿಳ್ಳರು, 123 ಓಟಿಂದ! ಈಗ ಕೋರ್ಟಿಗೆ ಓಡುವ ಸರದಿ ಜೋಸ್ ಅವರದ್ದು. ಕೋಳಿ ಅಂಕದಲ್ಲಿ ಸೋತವನು ಎದುರಿನ ಕೋಳಿಯ ಕಾಲಿಗೆ ಕಟ್ಟಿದ ಬಾಳಿಗೆ, ಅಂದ್ರೆ ಕತ್ತಿಗೆ, ವಿಷ ಉಂಟು ಅಂತಾನಲ್ಲ, ಹಾಗೆ ಅಂತ ನಾನು ಮೊದಲು ಗ್ರಹಿಸಿದ್ದೆ, ಆದ್ರೆ ಇಲ್ಲಿ ಗೆದ್ದವರಿಗೂ ಮೊದಲಿಂದ ನಂಬಿಕೆ ಇರ್ಲಿಲ್ಲವಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಎಂತ ಹೇಳಿತು ಅಂದ್ರೆ, ಮೆಷಿನ್ ಒಳ್ಳೇದಾ ಕೆಟ್ಟದ್ದಾ ಅಂತ ಅಲ್ಲ, ಮೆಷಿನಲ್ಲಿ ಓಟು ಹಾಕ್ಲಿಕ್ಕೆ ಕಾನೂನೇ ಇಲ್ಲ ಅಂತ. ಆ 50 ಬೂತಲ್ಲಿ ಬ್ಯಾಲೆಟ್ ಪೇಪರಲ್ಲಿ ಪುನಃ ಓಟು. ಗೆದ್ದದ್ದು ಜೋಸ್. ಕಾನೂನು ಬಂದದ್ದು 1988ರಲ್ಲಿ.

ಮೇ 19 ನೆನಪಿಡಿ. 2016ರಲ್ಲಿ ಕೇರಳ ವಿಧಾನಸಭೆ ಚುನಾವಣೆಯ ಎಣಿಕೆ ಆದದ್ದೂ ಮೇ 19ಕ್ಕೇ.

[ಸ್ಕ್ರೀನಲ್ಲಿ: ಮಂಜೇಶ್ವರ. 56,870. 56,781.]

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಮೊದಲ ಇಬ್ಬರ ಓಟಿನ ವ್ಯತ್ಯಾಸ 89. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಗೆದ್ರು, ಬಿಜೆಪಿಯ ಕೆ. ಸುರೇಂದ್ರನ್ ಸೋತ್ರು. ಎಂಬತ್ತೊಂಬತ್ತು ಅಂದ್ರೆ ಒಂದು ಮದುವೆ ದಿಬ್ಬಣದ ಎರಡು ಬಸ್ಸು ತುಂಬುವಷ್ಟು ಜನ. ಅದೇ ಚುನಾವಣೆಯಲ್ಲಿ ಕೆ. ಸುಂದರ ಅನ್ನುವ ಅಭ್ಯರ್ಥಿಗೆ 467 ಓಟು! ಸುರೇಂದ್ರ, ಸುಂದರ, ಎಷ್ಟು ಜನ ಹೆಸರು ನೋಡಿ ತಪ್ಪಿ ಒತ್ತಿದ್ರು ಅಂತ ದೇವರಿಗೇ ಗೊತ್ತು, ಆದ್ರೆ ಒಂದೇ ನಮೂನೆ ಹೆಸರಿಟ್ಟುಕೊಂಡು ನಿಂತ್ರೆ ಅದು ಕಳ್ಳ ಓಟು ಆಗುದಿಲ್ಲ.

ಸುರೇಂದ್ರನ್ ಹೈಕೋರ್ಟಿಗೆ ಹೋದ್ರು. ಸತ್ತವರ ಹೆಸರಲ್ಲಿ, ಗಲ್ಫಲ್ಲಿ ಇದ್ದವರ ಹೆಸರಲ್ಲಿ ಓಟು ಬಿದ್ದಿದೆ ಅಂತ ಪಟ್ಟಿ ಕೊಟ್ರು. ಕೋರ್ಟ್ ಸಮನ್ಸ್ ಕಳಿಸಿತು. ಎಂತಾಯ್ತು ಅಂದ್ರೆ ಸತ್ತಿದ್ದಾರೆ ಅಂತ ಪಟ್ಟಿಯಲ್ಲಿ ಇದ್ದವರೇ ಬಾಗಿಲು ತೆಗೆದು ಸಮನ್ಸ್ ತಗೊಂಡ ಸುದ್ದಿ ಬಂತು! ಯಮಲೋಕದ ಅಡ್ರೆಸ್ಸಿಗೆ ಹಾಕಿದ ಕಾಗದಕ್ಕೆ ಮಂಜೇಶ್ವರದಲ್ಲಿ ಸೈನ್. ಹಾಗಂತ ಪಟ್ಟಿ ಪೂರ ಸುಳ್ಳಾ? ಅದು ತೀರ್ಮಾನ ಆಗ್ಲೇ ಇಲ್ಲ. 2018ರಲ್ಲಿ ರಜಾಕ್ ತೀರಿಕೊಂಡ್ರು, 2019ರಲ್ಲಿ ಅರ್ಜಿ ವಾಪಸ್, ಉಪಚುನಾವಣೆ, ಮುಗೀತು. ಹಾಗಾಗಿ ಆ 89 ಈಗ್ಲೂ ಹೋಟೆಲಲ್ಲಿ ಚಾ ಕುಡಿಯುವಾಗ ಬರ್ತದೆ, ಒಬ್ಬೊಬ್ರಿಗೆ ಒಂದೊಂದು ಲೆಕ್ಕ.

ಹಾಗಾದ್ರೆ ಕಳ್ಳ ಓಟು ಇಲ್ವೇ ಇಲ್ವಾ? ಉಂಟು, ಕ್ಯಾಮೆರಾದಲ್ಲೇ ಸಿಕ್ಕಿದೆ. 2019ರಲ್ಲಿ ಪಿಲಾತ್ತರ, ಜಿಲ್ಲೆ ಕಣ್ಣೂರು ಆದ್ರೂ ಲೋಕಸಭೆಗೆ ನಮ್ಮ ಕಾಸರಗೋಡೇ. ಬೇರೆಯವರ ಓಟು ಹಾಕುವ ಬೂತಿನ ವೆಬ್‌ಕಾಸ್ಟ್ ದೃಶ್ಯ ಟಿವಿಯಲ್ಲಿ ಬಂತು, ಅದು ಓಪನ್ ವೋಟು, ಅಂದ್ರೆ ಕಣ್ಣು ಕಾಣದವರಿಗೆ ಸಹಾಯ ಅಂತ ವಾದ ಬಂತು, ಆರೋಪ ಎರಡೂ ಕಡೆಯವರ ಮೇಲೂ ಬಂತು, ಕೊನೆಗೆ ಕಾಸರಗೋಡು, ಕಣ್ಣೂರು ಕ್ಷೇತ್ರದ 7 ಬೂತಲ್ಲಿ ಮರುಮತದಾನ. ಯಾವ ದಿನ? ಮೇ 19! ನಾನು ಜ್ಯೋತಿಷಿ ಅಲ್ಲ, ಆದ್ರೂ.

ನನ್ನ ಅಭಿಪ್ರಾಯ ಇಷ್ಟೇ, ನಾವು ಎಲ್ಲ ಚಿಪ್ ಒಳಗೆ ಹುಡುಕ್ತೇವೆ, ಇಲ್ಲಿ ಸಿಕ್ಕಿದ್ದು ಬೇರೆಯವರ ಹೆಸರು ಹೇಳಿಕೊಂಡು ಹೋಗಿ ಬಟನ್ ಒತ್ತಿದ ಬೆರಳು.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ ಹೇಳಿ ಬಿಡ್ತೇನೆ. ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಾಣ್ತದೆ, ಸೆಲ್ಫಿ ಯೋಚನೆ ಬಿಟ್ಟು ಅದನ್ನು ನೋಡಿ. ನೀವು ಹೋಗುವಾಗ ನಿಮ್ಮ ಓಟು ಯಾರೋ ಹಾಕಿ ಆಗಿದ್ರೆ ಬೈದು ವಾಪಸ್ ಬರ್ಬೇಡಿ, ಟೆಂಡರ್ಡ್ ವೋಟ್ ಕೇಳಿ, ಪೇಪರಲ್ಲಿ ಕೊಡ್ತಾರೆ. ಫಾರಂ 17ಸಿ ಅಂತ ಉಂಟು, ಬೂತಲ್ಲಿ ಒಟ್ಟು ಎಷ್ಟು ಓಟು ಅಂತ ಏಜೆಂಟಿಗೆ ಬರ್ದು ಕೊಡುದು. ಅಡಿಕೆ ಮನೆಯಲ್ಲೇ ತೂಗಿ ಚೀಟಿ ಕಿಸೆಯಲ್ಲಿಟ್ಟು ಅಂಗಡಿಗೆ ಹೋಗ್ತೇವಲ್ಲ, ಹಾಗೆ. ಎಣಿಕೆ ದಿನ ತೂಕ ತಪ್ಪಿದ್ರೆ ಆ ಚೀಟಿ ತೋರಿಸಿಯೇ ಜಗಳ ಮಾಡುದು.

ಮತ್ತೆ ಸತ್ತವರ ಓಟಿನ ವಿಷಯ. ನಮ್ಮ ಅಜ್ಜ ತೀರಿಕೊಂಡು ಎರಡು ವರ್ಷ ಆದ ಮೇಲೂ ಅವರ ಹೆಸರಿನ ಓಟಿನ ಸ್ಲಿಪ್ ಮನೆಗೆ ಬಂತು, ಮಲಯಾಳದಿಂದ ಕನ್ನಡಕ್ಕೆ ಬರುವಾಗ ಹೆಸರಿನ ಒಂದು ಅಕ್ಷರವೂ ಹೋಗಿತ್ತು. ನಾನು ಎಂಥಾ ವ್ಯವಸ್ಥೆ ಅಂತ ಬೊಬ್ಬೆ ಹಾಕಿದೆ. ಅಮ್ಮ ಕೇಳಿದ್ರು, "ಹೆಸರು ತೆಗೀಲಿಕ್ಕೆ ನೀನು ಅರ್ಜಿ ಕೊಟ್ಟಿದ್ದಿಯಾ?" ಇಲ್ಲ. ಆ ಅರ್ಜಿ ಅಂದ್ರೆ ಫಾರಂ 7, ಈಗ ನನ್ನ ಟೇಬಲ್ ಮೇಲೆ ಉಂಟು, ತುಂಬಿಸಿಯೂ ಆಗಿದೆ. ಸ್ಲಿಪ್ ಎಲ್ಲಿ ಅಂತ ಕೇಳಿದ್ರೆ ಅಮ್ಮ ಪಂಚಾಂಗದ ಒಳಗೆ ಇಟ್ಟಿದ್ದಾರಂತೆ, ಕೊಡುದಿಲ್ಲ ಅಂತಾರೆ.