ನಾಣೇಘಾಟಿನ ನೀರಿನ ತೊಟ್ಟಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರಾಚೀನ ವ್ಯಾಪಾರ ಮಾರ್ಗವೆಂದರೆ ನಮಗೆ ತಟ್ಟನೆ ನೆನಪಾಗುವುದು ರೇಷ್ಮೆ ದಾರಿ, ಮರಳುಗಾಡು, ಒಂಟೆಗಳ ಸಾಲು. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ ಎತ್ತಿನ ಗಾಡಿಗಳು ಓಡಾಡಿದ ದಕ್ಷಿಣಾಪಥದ ಕಥೆಯನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಕೊಂಕಣದ ಕಲ್ಯಾಣ, ಸೋಪಾರಾ ಬಂದರುಗಳಲ್ಲಿ ಇಳಿದ ಸರಕು ಶಾತವಾಹನರ ಪ್ರತಿಷ್ಠಾನವನ್ನು, ಅಂದರೆ ಇಂದಿನ ಪೈಠಣವನ್ನು ಮುಟ್ಟಬೇಕಾದರೆ ಸಹ್ಯಾದ್ರಿಯನ್ನು ಹತ್ತಲೇಬೇಕು. ಜುನ್ನರ್ ಬಳಿ ಬಂಡೆಯನ್ನು ಕಡಿದು ಅದಕ್ಕಾಗಿ ಮಾಡಿದ ದಾರಿಯೇ ನಾಣೇಘಾಟು. ಘಾಟಿನ ನೆತ್ತಿಯಲ್ಲಿ ಒಂದು ದೊಡ್ಡ ಕಲ್ಲಿನ ಹರವಿ ಇದೆ. ವರ್ತಕರು ಸುಂಕದ ನಾಣ್ಯಗಳನ್ನು ಅದರೊಳಗೆ ಹಾಕಿ ಮುಂದೆ ಸಾಗುತ್ತಿದ್ದರು ಎಂಬುದು ಜನರ ಮಾತು.

ಅಲ್ಲಿನ ಗುಹೆಯ ಗೋಡೆಗಳ ಮೇಲೆ ಶಾತವಾಹನ ರಾಣಿ ನಾಗನಿಕೆಯ ಬ್ರಾಹ್ಮೀ ಲಿಪಿಯ ಶಾಸನವಿದೆ. ಅಶ್ವಮೇಧ, ರಾಜಸೂಯ, ದಕ್ಷಿಣೆಯಾಗಿ ಕೊಟ್ಟ 1,700 ಗೋವುಗಳು, 10 ಆನೆಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ಸಂಖ್ಯೆಗಳನ್ನು ಅಂಕಿಗಳಲ್ಲೇ ಕೊರೆದಿರುವುದರಿಂದ ಗಣಿತದ ಚರಿತ್ರೆ ಬರೆಯುವವರಿಗೂ ಈ ಗೋಡೆ ಬೇಕು. ಸಿಮುಕ, ಶಾತಕರ್ಣಿ, ನಾಗನಿಕೆ ಇವರೆಲ್ಲರ ಉಬ್ಬುಶಿಲ್ಪಗಳೂ ಅಲ್ಲಿದ್ದವು. ಈಗ ಉಳಿದಿರುವುದು ಹೆಸರು ಮತ್ತು ಪಾದಗಳು ಮಾತ್ರ. ಆ ವಂಶದ ರಾಜರ ರೂಪವನ್ನು ಕಾಣಬೇಕಾದರೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಸಮೀಪದ ಕನಗನಹಳ್ಳಿಗೆ ಬರಬೇಕು. ಭೀಮಾ ತೀರದ ಆ ಸ್ತೂಪದ ಫಲಕವೊಂದರಲ್ಲಿ ಶಾತಕರ್ಣಿ ಎಂಬ ರಾಜ ಮಹಾಚೈತ್ಯಕ್ಕೆ, ಅಂದರೆ ಆ ದೊಡ್ಡ ಸ್ತೂಪಕ್ಕೆ, ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ. ಹಾಗೆಂದು ಕಲ್ಲಿನಲ್ಲೇ ಬರೆದಿದೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ನಾಣೇಘಾಟಿನ ಇನ್ನೊಂದು ಬರಹದ ಬಳಿ. ಅದು ಒಂದೇ ಸಾಲಿನದು: ಸೋಪಾರಾದ ಗೋವಿಂದದಾಸನ ದಾನ, ನೀರಿನ ತೊಟ್ಟಿ. ಅಷ್ಟೇ. ಯಾಗವಿಲ್ಲ, ಬಿರುದಿಲ್ಲ. ಕಡಲ ಮಟ್ಟದಿಂದ ಮೂಟೆ ಹೊತ್ತು ಏರಿ ಬಂದವರಿಗೆ ಮೊದಲು ಬೇಕಾದದ್ದು ನೀರು ಎಂಬುದು ಅವನಿಗೆ ಗೊತ್ತಿತ್ತು. ಜುನ್ನರಿನ ಗುಹೆಗಳಲ್ಲಿಯೂ ಇಂಥದೇ ಇನ್ನೊಂದು ಸಾಲಿದೆ. ಇರಿಲ ಎಂಬ ಯವನ, ಅಂದರೆ ಗ್ರೀಕ್ ಮೂಲದವನು, ಅಲ್ಲಿ ಎರಡು ತೊಟ್ಟಿಗಳನ್ನು ಮಾಡಿಸಿಕೊಟ್ಟಿದ್ದಾನೆ. ಪರದೇಶದ ಹೆಸರಿನವನೂ ಈ ದಾರಿಯ ಬಾಯಾರಿಕೆಯನ್ನು ತನ್ನದೆಂದೇ ತಿಳಿದ.

ದಾರಿಯ ಅದೃಷ್ಟ ರಾಜಕೀಯಕ್ಕೆ ತಕ್ಕಂತೆ ಬದಲಾಯಿತು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹದ ಪ್ರಕಾರ, ಆಗ ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಗುಜರಾತಿನ ಭರೂಚ್ ಬಂದರಿಗೆ ಒಯ್ಯುತ್ತಿದ್ದರು. ಭರೂಚಿನಿಂದ ಪೈಠಣಕ್ಕೆ 20 ದಿನಗಳ ಪಯಣ, ಅಲ್ಲಿಂದ ಪೂರ್ವಕ್ಕೆ ತಗರಕ್ಕೆ, ಅಂದರೆ ಇಂದಿನ ತೇರ್ ಊರಿಗೆ, ಇನ್ನೂ 10 ದಿನ. ಸರಿಯಾದ ರಸ್ತೆಯೇ ಇಲ್ಲದ ಸೀಮೆಯಲ್ಲಿ ಅಮೂಲ್ಯ ಶಿಲೆಗಳೂ ಬಟ್ಟೆಯೂ ಗಾಡಿಗಳಲ್ಲಿ ಸಾಗುತ್ತಿದ್ದವಂತೆ.

ಪೈಠಣದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಗೆ ಒಂದು ಸೊಗಸಾದ ಐತಿಹ್ಯವೂ ಅಂಟಿಕೊಂಡಿದೆ. ಅದು ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಸುತ್ತನಿಪಾತದಲ್ಲಿದೆ. ಗೋದಾವರಿ ತೀರದ ಬಾವರಿ ಎಂಬ ವೃದ್ಧ ತನ್ನಲ್ಲಿದ್ದುದನ್ನೆಲ್ಲ ಯಜ್ಞದಲ್ಲಿ ದಾನ ಮಾಡಿ ಕುಳಿತಿದ್ದ. ಆಗ ಬಂದ ಬ್ರಾಹ್ಮಣನೊಬ್ಬ 500 ನಾಣ್ಯ ಕೇಳಿದ. ಸಿಗದಿದ್ದಾಗ, ಏಳು ದಿನಗಳಲ್ಲಿ ನಿನ್ನ ತಲೆ ಏಳು ಹೋಳಾಗಲಿ ಎಂದು ಶಪಿಸಿದ. ಹೆದರಿದ ಬಾವರಿ ಬುದ್ಧನನ್ನು ಕೇಳಿಬರಲು 16 ಶಿಷ್ಯರನ್ನು ಕಳುಹಿಸಿದ. ಪ್ರತಿಷ್ಠಾನ, ಮಾಹಿಷ್ಮತಿ, ಉಜ್ಜಯಿನಿ, ವಿದಿಶಾ, ಕೌಶಾಂಬಿ, ಸಾಕೇತ, ಶ್ರಾವಸ್ತಿ: ಅವರು ಹಾದುಹೋದ ಊರುಗಳೆಲ್ಲ ವರ್ತಕರ ಊರುಗಳೇ. ಕೊನೆಗೆ ಮಗಧದ ಬೆಟ್ಟವೊಂದನ್ನು ಅವರು ಆತುರದಿಂದ ಏರಿದರಂತೆ. ಆ ಆತುರಕ್ಕೆ ಕವಿ ಕೊಡುವ ಹೋಲಿಕೆಗಳು ದಾರಿಯಿಂದಲೇ ಎದ್ದುಬಂದವು: ಬಾಯಾರಿದವನಿಗೆ ತಣ್ಣೀರು, ವರ್ತಕನಿಗೆ ದೊಡ್ಡ ಲಾಭ, ಬಿಸಿಲಲ್ಲಿ ಬೆಂದವನಿಗೆ ನೆರಳು.

ಒಡೆಯಬೇಕಾದ ತಲೆ ಅವಿದ್ಯೆ, ಅದನ್ನು ಒಡೆಯುವುದು ವಿದ್ಯೆ ಎಂದ ಬುದ್ಧ. ಶಿಷ್ಯರಲ್ಲಿ ಪಿಂಗಿಯ ಎಂಬವನು ಕಣ್ಣು ಮಂಜಾದ ಮುದುಕ. ತಾನು ಕಂಡು ಕೇಳಿದ್ದನ್ನು ಗುರುವಿಗೆ ಹೇಳಲು ಅವನೇ ಬಾವರಿಯ ಬಳಿಗೆ ಮರಳಿ ಬಂದ.

ನಮಸ್ಕಾರ.